ಕ್ಯಾಮೆರಾ ನಿಧಾನವೇ? ಮೊದಲು ಶಟರ್ ನೋಡಿ

ಶ್ರೀಧರ ಸ್ವಾಮಿಗಳ ಆಶ್ರಮವಿರುವ, ಸಾಗರ ತಾಲ್ಲೂಕಿನ ವರದಹಳ್ಳಿಯಲ್ಲಿ ಮಳೆಗಾಲದ ಹಗಲಿಗೂ ಸಂಜೆಯ ಬಣ್ಣ. ಶ್ರೀಧರ ತೀರ್ಥದ ನೀರು ಚಿಮ್ಮುವ ಕ್ಷಣಗಳನ್ನು ಒಂದರ ಹಿಂದೊಂದು ಸೆರೆಹಿಡಿಯಲು ಹೊರಟಾಗ, ಸೆಕೆಂಡಿಗೆ 8 ಚಿತ್ರ ತೆಗೆಯಬಲ್ಲ ಡಿಜಿಟಲ್ ಕ್ಯಾಮೆರಾ ಮೂರಕ್ಕೇ ಏದುಸಿರು ಬಿಡಬಹುದು. ಅಷ್ಟಕ್ಕೇ ಅದನ್ನು ದುರಸ್ತಿಗೆ ಒಯ್ದು ಹಣ ಸುರಿಯಬೇಕಾಗಿಲ್ಲ.

ಲೆಕ್ಕ ಸರಳ. ಸೆಕೆಂಡಿಗೆ 8 ಎಂದರೆ ಒಂದು ಚಿತ್ರಕ್ಕೆ ದೊರೆಯುವ ಕಾಲ ಸೆಕೆಂಡಿನ ಎಂಟನೇ ಒಂದು ಭಾಗ. ಮಂದ ಬೆಳಕಿನಲ್ಲಿ ಕ್ಯಾಮೆರಾ ತಾನಾಗಿಯೇ ಶಟರನ್ನು ಕಾಲು ಸೆಕೆಂಡ್ ತೆರೆದಿಟ್ಟರೆ ನಾಲ್ಕು ಚಿತ್ರವೂ ದುಸ್ತರ. ಐಎಸ್‌ಒ ಏರಿಸಿ, ಶಟರ್ ವೇಗವನ್ನು 1/250ಕ್ಕೆ ತಂದು ನೋಡಿ. ಆಗಲೂ ವೇಗ ಮರಳದಿದ್ದರೆ ಫೋಕಸನ್ನು ಕೈಯಿಂದಲೇ ಹೊಂದಿಸಿ. ಮಬ್ಬಿನಲ್ಲಿ ಆಟೊಫೋಕಸ್ ಗುರಿಗಾಗಿ ತಡಕಾಡುತ್ತ ಪ್ರತಿ ಚಿತ್ರವನ್ನೂ ತಡೆಯುತ್ತದೆ. ಫ್ಲ್ಯಾಶ್ ಬಳಸಿದರಂತೂ ಅದು ಮತ್ತೆ ಚಾರ್ಜ್ ಆಗುವವರೆಗೆ ಕಾಯಲೇಬೇಕು. ಕೆಲವು ಮಾದರಿಗಳಲ್ಲಿ ನಾಯ್ಸ್ ರಿಡಕ್ಷನ್ ಗರಿಷ್ಠ ಮಟ್ಟದಲ್ಲಿದ್ದರೂ ವೇಗ ಕುಗ್ಗುತ್ತದೆ.

ಮೊದಲ ಹತ್ತಿಪ್ಪತ್ತು ಚಿತ್ರ ಚುರುಕಾಗಿ ಬಂದು ಆಮೇಲೆ ತಡವರಿಸುವುದು ಬೇರೆಯದೇ ರೋಗ. ಆಗ ಭರ್ತಿಯಾಗಿರುವುದು ಬಫರ್. ಅಂದರೆ, ಕಾರ್ಡಿಗೆ ಸೇರುವ ಮುನ್ನ ಚಿತ್ರಗಳು ತಂಗುವ ತಾತ್ಕಾಲಿಕ ಜಾಗ. ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ಉಳಿಸುವ ಬದಲು ಜೆಪೆಗ್ ಒಂದನ್ನೇ ಆರಿಸಿದರೆ ಹೊರೆ ಇಳಿಯುತ್ತದೆ. ಇನ್ನು ಕಾರ್ಡ್. ಅದರ ಮೇಲೆ ದೊಡ್ಡದಾಗಿ ಅಚ್ಚಾದ ಅಂಕಿ ಬಹುಪಾಲು ಓದುವ ವೇಗದ್ದು, ಕೊಳ್ಳುವವರು ಮೋಸಹೋಗುವುದು ಅಲ್ಲೇ. ‘ವಿ30’ ಎಂಬ ಪುಟ್ಟ ಗುರುತಾದರೆ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುವ ಭರವಸೆ.

ಇಷ್ಟಾದ ಮೇಲೂ ಮೊದಲ ಚಿತ್ರದಿಂದಲೇ ನಿಧಾನವಿದ್ದರೆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಪರೀಕ್ಷಿಸಿ. ಸರ್ವಿಸ್ ಸೆಂಟರ್‌ನ ಮಾತು ಅನಂತರದ್ದು.