ಊರಿಗೆ ಊರೇ ನಕಲು: ಹಳೇ ಕಂಪ್ಯೂಟರಿಗೆ ಹೊಸ ಡಿಸ್ಕ್

ಗುಬ್ಬಿಯಿಂದ ನಿವೃತ್ತ ಮೇಷ್ಟ್ರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಮನೆಯಲ್ಲಿರುವುದು 2012ರಲ್ಲಿ ತುಮಕೂರಿನ ಅಂಗಡಿಯೊಂದರಲ್ಲಿ ಜೋಡಿಸಿ ತಂದ ಕಂಪ್ಯೂಟರ್. ಬೆಳಿಗ್ಗೆ ಆನ್ ಮಾಡಿ, ಒಳಗೆ ಹೋಗಿ ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತವಂತೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು ಎಂಬ ಸುದ್ದಿ ಓದಿ ಗಾಬರಿಯಾಗಿ ವಿಚಾರಿಸಿದರೆ, ಅಂಗಡಿಯವರು ‘ಇದನ್ನ ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತಗೊಳ್ಳಿ ಸಾರ್’ ಎಂದರಂತೆ. ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗ ಮಾತ್ರ ‘ಏನೂ ಬೇಡಿ ಮೇಷ್ಟ್ರೇ, ಎಸ್‌ಎಸ್‌ಡಿ ಹಾಕಿ ಕ್ಲೋನ್ ಮಾಡಿಬಿಡೋಣ’ ಎಂದಿದ್ದಾನೆ. ಮೇಷ್ಟ್ರು ಕೇಳುತ್ತಾರೆ: ಕ್ಲೋನ್ ಅಂದರೆ ಕಾಪಿ ತಾನೆ? ನನ್ನ ಫೋಟೋಗಳನ್ನು ನಾನೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬಲ್ಲೆ, ಅದಕ್ಕೆ ಇಷ್ಟೆಲ್ಲ ಯಾಕೆ?

ಹುಡುಗ ಹೇಳಿದ್ದು ಸರಿ. ಆದರೆ ಕ್ಲೋನ್ ಮತ್ತು ಕಾಪಿ ಒಂದೇ ಅಲ್ಲ. ಕಾಪಿ ಮಾಡುವವರಿಗೆ ಯಾವ ಫೈಲ್ ಎಲ್ಲಿದೆ, ಯಾವುದು ಬೇಕು, ಯಾವುದು ಬೇಡ ಎಂಬುದು ಗೊತ್ತಿರಬೇಕು. ಅಪ್ಪಟ ಕ್ಲೋನಿಗೆ ಅದ್ಯಾವುದರ ಗೊಡವೆಯೂ ಇಲ್ಲ. ಡಿಸ್ಕಿನಲ್ಲಿರುವುದು ಏನೆಂದು ಕೇಳದೆ, ಇದ್ದದ್ದನ್ನು ಇದ್ದ ಹಾಗೆಯೇ ಎತ್ತಿಡುತ್ತದೆ. ಅದರಿಂದ ಸಿಗುವ ಲಾಭ, ಬರುವ ತೊಂದರೆ ಎರಡಕ್ಕೂ ಈ ಸ್ವಭಾವವೇ ಕಾರಣ.

ಮೊದಲು ನಿಧಾನದ ವಿಚಾರ ಮುಗಿಸೋಣ. ಮೇಷ್ಟ್ರ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120. ಓದುವ ತಲೆ ಬೇಕಾದ ಜಾಡಿಗೆ ಸರಿದು ನಿಲ್ಲಲು ಸುಮಾರು 9 ಮಿಲಿಸೆಕೆಂಡ್. ಅಲ್ಲಿಂದ ಬೇಕಾದ ಜಾಗ ಸುತ್ತಿಕೊಂಡು ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಇನ್ನೂ 4 ಮಿಲಿಸೆಕೆಂಡ್. ಒಟ್ಟು 13. ಕೇಳಲು ಚಿಲ್ಲರೆ ಲೆಕ್ಕ. ಆದರೆ ವಿಂಡೋಸ್ ಏಳುವಾಗ ಅಲ್ಲಿಷ್ಟು ಇಲ್ಲಿಷ್ಟು ಚದುರಿದ ಸಣ್ಣ ಸಣ್ಣ ಫೈಲುಗಳನ್ನು ಓದಬೇಕು. ಅಂಥ ಹತ್ತು ಸಾವಿರ ಓದುಗಳಿದ್ದರೆ 130 ಸೆಕೆಂಡ್ ಬರೀ ಕಾಯುವುದಕ್ಕೇ ಹೋಯಿತು. ಪ್ರೊಸೆಸರ್ ಅಷ್ಟು ಹೊತ್ತೂ ಕೈಕಟ್ಟಿ ಕೂತಿರುತ್ತದೆ. ಮುದಿಯಾದದ್ದು ಕಂಪ್ಯೂಟರಲ್ಲ, ಅದರೊಳಗೆ ತಿರುಗುವ ಆ ಒಂದು ಭಾಗ.

ಈ ಭಾಗದ ಇತಿಹಾಸವೇ ವಿಚಿತ್ರ. 1956ರಲ್ಲಿ ರೆನಾಲ್ಡ್ ಜಾನ್ಸನ್ ಅವರ ತಂಡ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಐಬಿಎಂಗಾಗಿ ಮೊದಲ ಡಿಸ್ಕ್ ಘಟಕವನ್ನು ರೂಪಿಸಿತು. ರಾಮ್ಯಾಕ್ ಎಂಬ ಕಂಪ್ಯೂಟರಿನ ಜೊತೆ ಬಂದ ಆ ಪೆಟ್ಟಿಗೆಯಲ್ಲಿ 24 ಅಂಗುಲ ಅಗಲದ 50 ತಟ್ಟೆಗಳು, ತೂಕ ಹತ್ತಿರ ಹತ್ತಿರ ಒಂದು ಟನ್, ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತಿನ ಮೊಬೈಲಿನ ಒಂದು ಒಳ್ಳೆಯ ಫೋಟೋಗೂ ಅಷ್ಟು ಜಾಗ ಸಾಲದು. ತಟ್ಟೆಗಳು ತಿರುಗುತ್ತಿದ್ದದ್ದು ನಿಮಿಷಕ್ಕೆ 1200 ಸುತ್ತು. ಅಲ್ಲಿಂದ ಮೇಷ್ಟ್ರ 500 ಜಿಬಿ ಡಿಸ್ಕಿನವರೆಗೆ ಹಿಡಿಯುವ ಸಾಮರ್ಥ್ಯ ಒಂದು ಲಕ್ಷ ಪಟ್ಟಿಗೂ ಮೀರಿ ಬೆಳೆದಿದೆ. ತಿರುಗುವ ವೇಗ ಹೆಚ್ಚಿದ್ದು ಬರೀ ಆರು ಪಟ್ಟು! ರಾಮ್ಯಾಕ್ ಒಂದು ಮಾಹಿತಿಯನ್ನು ಹುಡುಕಲು 600 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಅದು ಈಗ 13ಕ್ಕೆ ಬಂದು ನಿಂತಿದೆ. ತುಂಬಿಡುವ ವಿದ್ಯೆ ಓಡಿತು, ಹುಡುಕುವ ವಿದ್ಯೆ ಕುಂಟುತ್ತ ಹಿಂದೆ ಬಂತು.

ತುಂಬಿಡುವ ಓಟಕ್ಕೆ ದೊಡ್ಡ ಒತ್ತು ಕೊಟ್ಟವರು ಇಬ್ಬರು ಭೌತವಿಜ್ಞಾನಿಗಳು. ಫ್ರಾನ್ಸಿನ ಆಲ್ಬರ್ಟ್ ಫೆರ್ ಮತ್ತು ಜರ್ಮನಿಯ ಪೀಟರ್ ಗ್ರುನ್‌ಬರ್ಗ್ 1988ರಲ್ಲಿ ಬೇರೆ ಬೇರೆಯಾಗಿಯೇ ಒಂದು ಸಂಗತಿ ಕಂಡುಕೊಂಡರು. ಕೆಲವೇ ಪರಮಾಣುಗಳಷ್ಟು ದಪ್ಪದ ಲೋಹದ ಪದರಗಳನ್ನು ಒಂದರ ಮೇಲೊಂದು ಜೋಡಿಸಿದರೆ, ತೀರಾ ಕ್ಷೀಣವಾದ ಕಾಂತಕ್ಷೇತ್ರಕ್ಕೂ ಅವುಗಳ ವಿದ್ಯುತ್ ರೋಧ ಗಣನೀಯವಾಗಿ ಬದಲಾಗುತ್ತದೆ. 1997ರ ಹೊತ್ತಿಗೆ ಐಬಿಎಂ ಇದನ್ನು ಡಿಸ್ಕಿನ ಓದುವ ತಲೆಗೆ ಅಳವಡಿಸಿ ಮಾರುಕಟ್ಟೆಗೆ ತಂದಿತು, ಇನ್ನಷ್ಟು ಒತ್ತೊತ್ತಾಗಿ ಬರೆದದ್ದನ್ನೂ ಓದಲು ಸಾಧ್ಯವಾಯಿತು. 2007ರ ಭೌತವಿಜ್ಞಾನದ ನೊಬೆಲ್ ಇಬ್ಬರಿಗೂ ಬಂತು.

ತಿರುಗುವುದನ್ನೇ ಬಿಟ್ಟುಬಿಟ್ಟ ದಾರಿ ಬೇರೆ. 1967ರಲ್ಲಿ ಬೆಲ್ ಪ್ರಯೋಗಾಲಯದ ದಾವೊನ್ ಕಾಂಗ್ ಮತ್ತು ಸೈಮನ್ ಝಿ, ಟ್ರಾನ್ಸಿಸ್ಟರಿನೊಳಗೆ ನಿರೋಧಕ ಪದರಗಳ ನಡುವೆ ಎಲೆಕ್ಟ್ರಾನುಗಳನ್ನು ಕೂಡಿಹಾಕುವ ಉಪಾಯ ಬರೆದರು. ಕರೆಂಟ್ ಹೋದರೂ ಅವು ಅಲ್ಲೇ ಉಳಿಯುತ್ತವೆ. ಇದನ್ನು ಅಗ್ಗವಾಗಿ, ದಟ್ಟವಾಗಿ ಜೋಡಿಸುವ ಫ್ಲ್ಯಾಷ್ ಮೆಮೊರಿಯನ್ನು ತೋಷಿಬಾ ಕಂಪನಿಯ ಫುಜಿಯೊ ಮಸುಒಕ 1980ರ ದಶಕದಲ್ಲಿ ಕಂಡುಹಿಡಿದರು. ಇಂದಿನ ಎಸ್‌ಎಸ್‌ಡಿ, ಪೆನ್‌ಡ್ರೈವ್, ಮೊಬೈಲುಗಳಲ್ಲಿರುವ ನ್ಯಾಂಡ್ ಬಗೆಯನ್ನು ಅವರು 1987ರಲ್ಲಿ ಪ್ರಕಟಿಸಿದರು. ತಕ್ಕ ಪ್ರತಿಫಲ ಸಿಗಲಿಲ್ಲವೆಂದು ಕಂಪನಿಯ ಮೇಲೆ ಕೋರ್ಟಿಗೆ ಹೋಗಿ, 2006ರಲ್ಲಿ 8.7 ಕೋಟಿ ಯೆನ್‌ಗೆ ರಾಜಿಯಾದರು. ಲೋಕದ ಜೇಬುಗಳಿಗೆಲ್ಲ ಮೆಮೊರಿ ತುಂಬಿದವರಿಗೆ ಅದು ಯಾವ ಮೂಲೆಗೆ?

ಎಸ್‌ಎಸ್‌ಡಿಯಲ್ಲಿ ಸರಿಯುವ ತಲೆಯಿಲ್ಲ, ಸುತ್ತುವ ತಟ್ಟೆಯಿಲ್ಲ. ಎಲ್ಲಿಂದ ಓದಿದರೂ ಹೆಚ್ಚುಕಮ್ಮಿ 0.1 ಮಿಲಿಸೆಕೆಂಡ್. 130 ಸೆಕೆಂಡಿನ ಕಾಯುವಿಕೆ ಒಂದೆರಡು ಸೆಕೆಂಡಿಗೆ ಇಳಿಯುತ್ತದೆ. ಡಬ್ಬಿಯ ಮೇಲೆ ದೊಡ್ಡದಾಗಿ ‘ಸೆಕೆಂಡಿಗೆ 550 ಎಂಬಿ’ ಎಂದು ಅಚ್ಚಾಗಿರುವುದನ್ನು ಮಾತ್ರ ನಂಬಿಕೊಂಡು ಕೂರಬೇಡಿ. ಮೇಷ್ಟ್ರ ಯಂತ್ರದ ಕಾಲದ ಎಷ್ಟೋ ಮದರ್‌ಬೋರ್ಡುಗಳಲ್ಲಿ ಡಿಸ್ಕ್ ಜೋಡಿಸುವ ಸಾಟಾ ಕಿಂಡಿಯಲ್ಲಿ ಅದರ ಅರ್ಧ ವೇಗ ಸಿಕ್ಕರೆ ಹೆಚ್ಚು. ಚಿಂತೆಯಿಲ್ಲ, ಏಕೆಂದರೆ ನಿಮಗೆ ಲಾಭ ಆಗುವುದು ಕಾಯುವುದು ತಪ್ಪುವುದರಿಂದ, ಆ ಜಾಹೀರಾತಿನ ಅಂಕಿಯಿಂದಲ್ಲ.

ಇನ್ನು ಕ್ಲೋನ್. ಹಳೆಯ 500 ಜಿಬಿ ಡಿಸ್ಕಿನ ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ 976773168 ಎಂಬ ಸಂಖ್ಯೆ ಇರುತ್ತದೆ. ಡಿಸ್ಕನ್ನು ತಲಾ 512 ಬೈಟಿನ ಅಷ್ಟು ತುಂಡು ಮಾಡಿ ಕ್ರಮವಾಗಿ ನಂಬರ್ ಕೊಟ್ಟಿದ್ದಾರೆ ಎಂದರ್ಥ. ಒಂದೊಂದು ತುಂಡೂ ಒಂದು ಸೆಕ್ಟರ್. ಜಮೀನು ಇಟ್ಟುಕೊಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ: ಡಿಸ್ಕ್ ಒಂದು ಊರು, ಸೆಕ್ಟರುಗಳು ಅದರ ಸರ್ವೆ ನಂಬರುಗಳು. ಯಾವ ಸರ್ವೆ ನಂಬರ್ ಯಾರ ಹೆಸರಿನಲ್ಲಿದೆ ಎಂಬುದು ಪಹಣಿಯಲ್ಲಿರುವಂತೆ, ಯಾವ ಸೆಕ್ಟರ್ ಯಾವ ಫೈಲಿನದು ಎಂಬ ಪಟ್ಟಿ ಡಿಸ್ಕಿನಲ್ಲೇ ಒಂದು ಕಡೆ ಇರುತ್ತದೆ. ಒಬ್ಬ ರೈತನಿಗೆ ಐದು ಕಡೆ ತುಂಡು ಜಮೀನು ಇರುವ ಹಾಗೆ ಒಂದೇ ಫೈಲ್ ಐದು ಕಡೆ ಚದುರಿರಬಹುದು. ಫೈಲನ್ನು ಡಿಲೀಟ್ ಮಾಡಿದರೆ ಪಹಣಿಯಲ್ಲಿ ಹೆಸರು ಹೊಡೆದ ಹಾಗಾಯಿತೇ ಹೊರತು ಹೊಲದಲ್ಲಿನ ಪೈರು ಹಾಗೇ ನಿಂತಿರುತ್ತದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಹಳೇ ಪಹಣಿಯನ್ನು ಪಕ್ಕಕ್ಕಿಟ್ಟು ಖಾಲಿ ಪುಸ್ತಕ ತೆರೆದಂತೆ.

ಫೋಟೋ ಕಾಪಿ ಮಾಡುವಾಗ ನೀವು ಒಬ್ಬ ರೈತನ ಫಸಲನ್ನಷ್ಟೇ ಗಾಡಿಗೆ ಹೇರುತ್ತೀರಿ. ಸೆಕ್ಟರ್ ಲೆಕ್ಕದ ಕ್ಲೋನ್ ಸರ್ವೆ ನಂಬರ್ ಒಂದರಿಂದ ಕೊನೆಯದರವರೆಗೆ ಹೊಲ, ಗದ್ದೆ, ಗೋಮಾಳ, ಖರಾಬು, ಪಹಣಿ ಪುಸ್ತಕ, ಗ್ರಾಮನಕಾಶೆ ಯಾವುದನ್ನೂ ಬಿಡದೆ ಇನ್ನೊಂದು ಊರು ಕಟ್ಟುತ್ತದೆ. ಕಂಪ್ಯೂಟರ್ ಏಳುವಾಗ ಮೊದಲು ಓದುವ ಸೆಕ್ಟರ್ ಯಾವ ಫೈಲಿಗೂ ಸೇರಿದ್ದಲ್ಲ. ಆದ್ದರಿಂದಲೇ ಸಿ ಡ್ರೈವಿನ ಫೈಲನ್ನೆಲ್ಲ ಕಾಪಿ ಮಾಡಿದರೂ ಹೊಸ ಡಿಸ್ಕಿನಿಂದ ಕಂಪ್ಯೂಟರ್ ಏಳುವುದಿಲ್ಲ. ಈಗಿನ ಬಹುತೇಕ ತಂತ್ರಾಂಶಗಳು ಸ್ವಲ್ಪ ಜಾಣ. ಮೊದಲು ಪಹಣಿ ಓದಿ, ಹೆಸರಿರುವ ನಂಬರುಗಳನ್ನು ಮಾತ್ರ ಎತ್ತುತ್ತವೆ. ತೈವಾನಿನ ಸರ್ಕಾರಿ ಕಂಪ್ಯೂಟಿಂಗ್ ಕೇಂದ್ರದಿಂದ ಬಂದ ಉಚಿತ ಕ್ಲೋನ್‌ಝಿಲ್ಲಾ ಹೀಗೆ ಮಾಡುತ್ತದೆ. ಪಹಣಿ ಅರ್ಥವಾಗದಿದ್ದರೆ ಮಾತ್ರ ಹಳೇ ಪದ್ಧತಿಗೆ ಮರಳಿ ಒಂದೊಂದೇ ನಂಬರ್ ಎತ್ತುತ್ತದೆ.

ಈ ಕೆಲಸವನ್ನು ಕಚೇರಿ ಕಚೇರಿಗೂ ಮುಟ್ಟಿಸಿದವರು ನ್ಯೂಜಿಲೆಂಡಿನ ಮರ್ರೆ ಹ್ಯಾಜರ್ಡ್. ಅವರು 1995ರಲ್ಲಿ ಬರೆದ ಘೋಸ್ಟ್ ತಂತ್ರಾಂಶವನ್ನು 1998ರಲ್ಲಿ ಸಿಮ್ಯಾಂಟೆಕ್ ಕಂಪನಿ ಕೊಂಡಿತು. ‘ಘೋಸ್ಟ್ ಹೊಡೆಯೋದು’ ಎಂಬ ಮಾತು ಹಳೇ ಸರ್ವಿಸ್ ಹುಡುಗರ ಬಾಯಲ್ಲಿ ಇನ್ನೂ ಇದೆ. ಒಂದು ಯಂತ್ರ ಸಿದ್ಧಮಾಡಿ, ಅದನ್ನೇ ಲ್ಯಾಬಿನ ಉಳಿದೆಲ್ಲ ಯಂತ್ರಗಳಿಗೂ ಇಳಿಸುತ್ತಿದ್ದರು.

ಹೊಸದಾಗಿ ವಿಂಡೋಸ್ ಹಾಕಿದರೆ ಚೊಕ್ಕವಲ್ಲವೇ ಎಂದು ಕೇಳಬಹುದು. ಚೊಕ್ಕ ಹೌದು. ಆದರೆ ಕುಣಿಗಲ್ಲಿನ ಒಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಯಲ್ಲಿ ಕ್ಲೋನ್ ಯಾಕೆ ಬೇಕೆಂಬುದು ಕಣ್ಣಿಗೆ ಕಟ್ಟುವಂತಿತ್ತು. ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್ 7, ಕನ್ನಡ ಗಣಕ ಪರಿಷತ್ತಿನ ನುಡಿ, ವರ್ಷಗಟ್ಟಲೆ ಕೂಡಿಟ್ಟ ಲಗ್ನಪತ್ರಿಕೆಗಳು. ಸಿಡಿಗಳು ಎಂದೋ ಕಳೆದಿವೆ. ಯೂನಿಕೋಡ್ ಅಲ್ಲದ ಆ ನುಡಿ ಫಾಂಟುಗಳಿಲ್ಲದೆ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕ್ಲೋನ್ ಮುಗಿಸಿದ ಎಸ್‌ಎಸ್‌ಡಿಯನ್ನು ಕೂರಿಸಲು ತಕ್ಕ ಬ್ರ್ಯಾಕೆಟ್ ಇರಲಿಲ್ಲ, ಸರ್ವಿಸ್ ಹುಡುಗ ಒಂದೇ ಸ್ಕ್ರೂ ಬಿಗಿದು ಕೇಬಲ್ ಟೈ ಕಟ್ಟಿದ. ಒಳಗೆ ತಿರುಗುವುದೇನೂ ಇಲ್ಲದ್ದರಿಂದ ಅಷ್ಟು ಸಾಕು. ಯಂತ್ರ ಎದ್ದ ಮೇಲೆ ಅಂಗಡಿಯ ಅಕ್ಕ ಮೊದಲು ತೆರೆದದ್ದು ಒಂದು ನಾಮಕರಣದ ಕಾರ್ಡ್. ತುದಿಯಲ್ಲಿದ್ದ ‘ಶ್ರೀ’ಯನ್ನು ದೊಡ್ಡದು ಮಾಡಿ, ಒತ್ತು ಸರಿಯಾಗಿ ಕೂತಿದೆಯೇ ನೋಡಿ, ‘ಹ್ಞೂ, ನಮ್ದೇ’ ಎಂದರು. ಕ್ಲೋನ್ ಮಾಡಿದ ತಂತ್ರಾಂಶಕ್ಕೆ ನುಡಿಯೂ ಗೊತ್ತಿಲ್ಲ, ಕನ್ನಡವೂ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೇ ಬೀಳಲಿಲ್ಲ.

ಅರಿಯದೆ ಎತ್ತಿಡುವುದರಿಂದ ಬರುವ ತೊಡಕುಗಳೂ ಇವೆ. ಮೊದಲನೆಯದು ಅಳತೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 480 ಜಿಬಿ ಎಸ್‌ಎಸ್‌ಡಿಯಲ್ಲಿ 937703088 ಸೆಕ್ಟರುಗಳು. ಹಳೇ ಡಿಸ್ಕಿಗಿಂತ 20 ಜಿಬಿ ಕಡಿಮೆ. ಊರು ಚಿಕ್ಕದಾದಾಗ ಕೊನೆಯ ಸರ್ವೆ ನಂಬರುಗಳಿಗೆ ಜಾಗವೆಲ್ಲಿ? ಡಿಸ್ಕ್ ಅರ್ಧ ಖಾಲಿಯಿದ್ದರೂ ಸೆಕ್ಟರ್ ಕ್ಲೋನ್ ಒಪ್ಪುವುದಿಲ್ಲ. ಮೊದಲು ಹಳೆಯದರ ಪಾರ್ಟಿಷನ್ನನ್ನು (ಸಿ, ಡಿ ಎಂದು ಮಾಡಿಕೊಂಡ ಭಾಗವನ್ನು) ಕುಗ್ಗಿಸಬೇಕು.

ಎರಡನೆಯದು ಬಾಂದುಕಲ್ಲು. ಎಕ್ಸ್‌ಪಿ ತನ್ನ ಮೊದಲ ಪಾರ್ಟಿಷನ್ನನ್ನು 63ನೇ ಸೆಕ್ಟರಿನಿಂದ ಶುರುಮಾಡುತ್ತಿತ್ತು. ಎಸ್‌ಎಸ್‌ಡಿ ಒಳಗೊಳಗೆ ಎಂಟೆಂಟು ಸೆಕ್ಟರುಗಳ ಅಥವಾ ಅದಕ್ಕೂ ದೊಡ್ಡ ಕಟ್ಟುಗಳಲ್ಲಿ ಬರೆಯುತ್ತದೆ. 63 ಎಂಟರಿಂದ ಭಾಗವಾಗದ ಕಾರಣ ಪ್ರತಿ ಹೊಲವೂ ಎರಡು ಹದ್ದುಗಳ ಮೇಲೆ ಬಿದ್ದು, ಒಂದು ಬರೆಯುವ ಕಡೆ ಎರಡು ಬರೆಯಬೇಕಾಗುತ್ತದೆ. ವಿಸ್ಟಾ ಬಂದ ಮೇಲೆ 2048ನೇ ಸೆಕ್ಟರಿನಿಂದ ಶುರುವಾಯಿತು, ಸಮಸ್ಯೆ ತೀರಿತು. ವಿಂಡೋಸ್ 7ರ ಕಾಲದ ಮೇಷ್ಟ್ರ ಯಂತ್ರಕ್ಕೆ ಈ ಚಿಂತೆ ಬಹುಶಃ ಇಲ್ಲ. ಕುಣಿಗಲ್ಲಿನಂಥ ಎಕ್ಸ್‌ಪಿ ಯಂತ್ರಗಳಿಗೆ ಇದೆ, ಕ್ಲೋನ್ ಮಾಡುವಾಗಲೇ ಕಲ್ಲು ಸರಿಸುವ ತಂತ್ರಾಂಶ ಬಳಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಡಿಸ್ಕಿನ ಆರೋಗ್ಯ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ 05 ಮತ್ತು ಸಿ5 ಎಂಬ ಸಾಲುಗಳನ್ನು ನೋಡಿ. ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರುಗಳೆಷ್ಟು, ಓದಲಾಗದೆ ಕಾಯುತ್ತಿರುವವೆಷ್ಟು ಎಂಬುದನ್ನು ಡಿಸ್ಕ್ ತಾನೇ ಬರೆದಿಟ್ಟಿರುತ್ತದೆ. ಸಿ5 ಸೊನ್ನೆಗಿಂತ ಹೆಚ್ಚಿದ್ದರೆ, ಅಥವಾ ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ, ಮಾಮೂಲಿ ಕ್ಲೋನ್ ತಂತ್ರಾಂಶ ಹಚ್ಚಬೇಡಿ. ಅದು ಕೆಟ್ಟ ಜಾಗಕ್ಕೆ ಬಂದು ಮತ್ತೆ ಮತ್ತೆ ತಿಣುಕುತ್ತದೆ, ತಲೆ ಅಲ್ಲೇ ಸವೆಯುತ್ತದೆ. ಆಂಟೋನಿಯೊ ಡಿಯಾಜ್ ಡಿಯಾಜ್ ಬರೆದ ಡಿಡಿರೆಸ್ಕ್ಯೂ ಇದಕ್ಕೆಂದೇ ಇದೆ. ಮೊದಲ ಸುತ್ತಿನಲ್ಲಿ ಕೆಟ್ಟದ್ದನ್ನು ದಾಟಿಕೊಂಡು ಚೆನ್ನಾಗಿರುವುದನ್ನೆಲ್ಲ ಬಾಚಿಕೊಳ್ಳುತ್ತದೆ, ಆಮೇಲೆ ಉಳಿದದ್ದಕ್ಕೆ ಕೈಹಾಕುತ್ತದೆ. ಎಲ್ಲಿಯವರೆಗೆ ಬಂದೆ ಎಂದು ಗುರುತಿಟ್ಟುಕೊಳ್ಳುವುದರಿಂದ ನಡುವೆ ಕರೆಂಟ್ ಹೋದರೂ ಮೊದಲಿಂದ ಶುರುಮಾಡಬೇಕಿಲ್ಲ. ಯುಎಸ್‌ಬಿ 2 ಕಿಂಡಿಯಲ್ಲಿ 500 ಜಿಬಿ ಪೂರ್ತಿ ಎತ್ತಲು ಸುಮಾರು ನಾಲ್ಕೂವರೆ ಗಂಟೆ ಹಿಡಿಯುತ್ತದೆ. ಬೇಸಿಗೆಯಲ್ಲಿ ಬೆಸ್ಕಾಂ ಅಷ್ಟು ಹೊತ್ತು ಸುಮ್ಮನಿರುವುದೆಂದು ನಂಬಿ ಕೂರಬಾರದು, ಯುಪಿಎಸ್ ಇರಲಿ.

ಯಾವುದು ಹಳೆಯದು, ಯಾವುದು ಹೊಸದು ಎಂಬುದನ್ನು ಡಿಸ್ಕಿನ ಗಾತ್ರ, ಮಾದರಿ ಹೆಸರು ನೋಡಿ ಖಚಿತ ಮಾಡಿಕೊಂಡೇ ಗುಂಡಿ ಒತ್ತಿ. ದಿಕ್ಕು ತಪ್ಪಿದರೆ ಖಾಲಿ ಎಸ್‌ಎಸ್‌ಡಿಯ ಕ್ಲೋನ್ ನಿಮ್ಮ ಮದುವೆ ಫೋಟೋಗಳ ಮೇಲೆ ಬಂದು ಕೂರುತ್ತದೆ. ಮುಗಿದ ಮೇಲೆ ಹಳೇ ಡಿಸ್ಕಿನ ಕೇಬಲ್ ಕಿತ್ತು ಆಮೇಲೆ ಆನ್ ಮಾಡಿ. ವಿಂಡೋಸ್ ಡಿಸ್ಕಿನ ಮೇಲೆ ಬರೆದಿಟ್ಟ ಗುರುತಿನ ಸಂಖ್ಯೆ ಎರಡರಲ್ಲೂ ಒಂದೇ ಆಗಿರುವುದರಿಂದ ವಿಂಡೋಸ್ ಗೊಂದಲಕ್ಕೆ ಬಿದ್ದು ಒಂದನ್ನು ಆಫ್‌ಲೈನ್ ಮಾಡುತ್ತದೆ.

ಕ್ಲೋನಿಗೆ ಆಗದ ಕೆಲಸಗಳನ್ನೂ ಹೇಳಿಬಿಡುತ್ತೇನೆ. ಡಿಸ್ಕಿನ ಕಾರ್ಖಾನೆ ಸರಣಿ ಸಂಖ್ಯೆ ಯಾವ ಸೆಕ್ಟರಿನಲ್ಲೂ ಇರುವುದಿಲ್ಲ, ಹಾಗಾಗಿ ಅದನ್ನು ನೋಡಿ ಲೈಸೆನ್ಸ್ ಕೊಟ್ಟ ತಂತ್ರಾಂಶ ತಕರಾರು ತೆಗೆಯಬಹುದು. ಹಳೆಯದರಲ್ಲಿ ವೈರಸ್ ಇದ್ದರೆ ಹೊಸದರಲ್ಲೂ ಇರುತ್ತದೆ. ಬೆಂಬಲ ಮುಗಿದ ವಿಂಡೋಸ್ 10 ವೇಗವಾಗಿ ಓಡುತ್ತದೆ ಅಷ್ಟೆ, ಭದ್ರವಾಗುವುದಿಲ್ಲ. ಬ್ಯಾಂಕ್ ವ್ಯವಹಾರ ಮಾಡುವವರು ಲಿನಕ್ಸ್ ಕಡೆ ನೋಡುವುದು ಒಳ್ಳೆಯದು. ರ‍್ಯಾಮ್ 2 ಜಿಬಿ ಇದ್ದರೆ ಬ್ರೌಸರ್ ಆಗಲೂ ಏದುಸಿರು ಬಿಡುತ್ತದೆ. ಹಳೇ ಡಿಸ್ಕನ್ನು ಒಂದೆರಡು ತಿಂಗಳು ಇಟ್ಟುಕೊಂಡು, ಎಲ್ಲ ಸರಿಯಿದೆ ಎನಿಸಿದ ಮೇಲೆ ಗುಜರಿಗೆ ಹಾಕುವುದಿದ್ದರೆ ಪೂರ್ತಿ ಸೊನ್ನೆ ಬರೆಸಿಯೇ ಹಾಕಿ. ಬರೀ ಡಿಲೀಟ್ ಮಾಡಿದರೆ ಆಧಾರ್, ಪಾಸ್‌ಬುಕ್ ಸ್ಕ್ಯಾನುಗಳ ಪೈರು ಒಳಗೆ ನಿಂತೇ ಇರುತ್ತದೆ.

ಹೊಸ ಕಂಪ್ಯೂಟರ್ ಬೇಡವೇ ಬೇಡ ಎಂದು ನಾನು ವಾದಿಸುವುದಿಲ್ಲ. ಆದರೆ ಮೇಷ್ಟ್ರೇ, ಎಕ್ಸ್‌ಚೇಂಜ್‌ಗೆ ಹೊರಡುವ ಮೊದಲು ಆ ಹುಡುಗನಿಗೆ ಒಂದು ಭಾನುವಾರ ಬಿಟ್ಟುಕೊಡಿ. ಪ್ರಯೋಗ ಸಮಾಧಾನ ತರದಿದ್ದರೆ ನಷ್ಟವೇನಿಲ್ಲ, ಅದೇ ಎಸ್‌ಎಸ್‌ಡಿ ಮುಂದೆ ಕೊಳ್ಳುವ ಯಂತ್ರಕ್ಕೂ ಆಗುತ್ತದೆ. ಅದಕ್ಕೆ ಸಾಟಾ ಕಿಂಡಿ ಇದೆಯೇ ಎಂದು ಮಾತ್ರ ಅಂಗಡಿಯಲ್ಲಿ ಮೊದಲೇ ಕೇಳಿ.