ನಿಮಗಿದು ಗೊತ್ತೆ? ಬೀಟಲ್‌ಗೆ ಬಿಗಿ ಹೆಚ್ಚಾದರೆ ಅಪಾಯ

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನ ಗಾಳಿ ತಂಪಿನ ಎಂಜಿನ್‌ಗೆ ಆಯಿಲ್ ಫಿಲ್ಟರೇ ಇರಲಿಲ್ಲ! ಇದ್ದದ್ದು ತಳದಲ್ಲೊಂದು ತಂತಿ ಜಾಲರಿ. ಅದನ್ನು ಹಿಡಿದಿಡುವ ತಟ್ಟೆಗೆ ಆರು ಪುಟ್ಟ ನಟ್ಟುಗಳು.

ಆಯಿಲ್ ಬದಲಿಸುವಾಗ ಜಾಲರಿ ತೊಳೆಯಲು ಇವನ್ನು ಬಿಚ್ಚಲೇಬೇಕು. ಸೋರಬಾರದೆಂದು ಮೆಕ್ಯಾನಿಕ್ ಬಲವಾಗಿ ಬಿಗಿದರೆ ಕೆಲಸ ಕೆಟ್ಟಿತು. ಎಂಜಿನ್ ಕವಚ ಮೃದುವಾದ ಮೆಗ್ನೀಸಿಯಂ ಮಿಶ್ರಲೋಹದ್ದು. ನಟ್ಟು ಕೂರುವ ಉಕ್ಕಿನ ಸ್ಟಡ್ ಅದರ ಥ್ರೆಡ್ಡನ್ನೇ ಕಿತ್ತುಕೊಂಡು ಈಚೆ ಬರುತ್ತದೆ. ಬೇಕಾದ ಬಿಗಿ ಸುಮಾರು 7 ನ್ಯೂಟನ್ ಮೀಟರ್ ಅಷ್ಟೇ. ಚಕ್ರದ ಬೋಲ್ಟಿಗೆ ಇದರ ಹತ್ತು ಪಟ್ಟಿಗೂ ಹೆಚ್ಚು ಬೇಕು.

ಥ್ರೆಡ್ ಹೋದರೂ ಎಂಜಿನ್ ಎಸೆಯಬೇಕಿಲ್ಲ. ತೂತನ್ನು ಹಿಗ್ಗಿಸಿ, ಒಂದು ತುದಿ 8, ಇನ್ನೊಂದು ತುದಿ 6 ಮಿಲಿಮೀಟರ್ ದಪ್ಪದ ವಿಶೇಷ ಸ್ಟಡ್ ಕೂರಿಸುತ್ತಾರೆ. ಹಳೆಯ ತಟ್ಟೆ, ನಟ್ಟುಗಳೇ ಮತ್ತೆ ಹೊಂದುತ್ತವೆ.