ಅಗ್ಗದ ಲೇತ್ ಎಂದರೇನು? ಚನ್ನಪಟ್ಟಣದ ಗೊಂಬೆ ಕಡೆಯುವ ಯಂತ್ರದ ಒಳಲೆಕ್ಕ

ಚನ್ನಪಟ್ಟಣ: ಬೆಂಗಳೂರಿನಿಂದ ಮೈಸೂರಿಗೆ ಸಾಗುವ ಹಳೆಯ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ. ಕ್ರಮಿಸಿದರೆ ಬಣ್ಣದ ಗೊಂಬೆಗಳ ಅಂಗಡಿಗಳು ಎದುರಾಗುತ್ತವೆ. 2023ರ ಮಾರ್ಚ್‌ನಲ್ಲಿ ಹೊಸ ಎಕ್ಸ್‌ಪ್ರೆಸ್‌ ಹೆದ್ದಾರಿ ಉದ್ಘಾಟನೆಯಾದ ಮೇಲೆ ವಾಹನಗಳು ಊರಿನ ಹೊರಗಿನಿಂದಲೇ ಹಾದುಹೋಗುತ್ತಿವೆ. ದಾರಿಯಲ್ಲಿ ನಿಂತು ಗೊಂಬೆ ಕೊಳ್ಳುವ ಗಿರಾಕಿ ಕಡಿಮೆಯಾದನೆಂಬ ಅಳಲು ಅಂದಿನಿಂದಲೂ ಕೇಳಿಬರುತ್ತಿದೆ. ರಸ್ತೆಯ ವಿಚಾರ ಕುಶಲಕರ್ಮಿಯ ಕೈಯಲ್ಲಿಲ್ಲ. ಅವನ ಕೈಯಲ್ಲಿ ಇರುವುದು ಅಥವಾ ಇರಬೇಕಾದುದು ಒಂದು ಯಂತ್ರ. ಗೊಂಬೆಯ ಬಗ್ಗೆ ಬರೆದವರು ಬಹಳ ಮಂದಿ. ಅದನ್ನು ಕಡೆಯುವ ಲೇತ್ ಬಗ್ಗೆ ಬರೆದವರು ವಿರಳ. ಮನೆಯ ಪಡಸಾಲೆಯಷ್ಟೇ ಜಾಗದಲ್ಲಿ ನಡೆಯುವ ಕಾರ್ಯಾಗಾರಕ್ಕೆ ಕೈಗೆಟಕುವ ಬೆಲೆಯ ಲೇತ್ ರೂಪಿಸುವುದು ಹೇಗೆ ಎಂಬ ಪ್ರಶ್ನೆ, ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ.

ಲೇತ್ ಎಂದರೆ ಮರವನ್ನು ತಿರುಗಿಸಿ, ತಿರುಗುವ ಮರಕ್ಕೆ ಉಳಿಯನ್ನು ಒಡ್ಡಿ ದುಂಡನೆಯ ಆಕಾರ ಕೊಡುವ ಸಾಧನ. ಚನ್ನಪಟ್ಟಣದಲ್ಲಿ ಇದಕ್ಕೆ ಇನ್ನೊಂದು ಕೆಲಸವೂ ಉಂಟು. ಆಲೆ ಮರದ ಬಿಳಿ ತುಂಡು ನುಣುಪಾದ ಬಳಿಕ, ಅದು ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಅರಗು ಕೀಟಜನ್ಯ ರಾಳ. ಸುಮಾರು 75ರಿಂದ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಆ ಶಾಖವನ್ನು ಒದಗಿಸುವುದು ಒಲೆಯಲ್ಲ, ಘರ್ಷಣೆ. ಕರಗಿದ ಅರಗು ಮರದ ಮೇಲೆ ಹರಡಿಕೊಂಡ ನಂತರ ಕೇದಗೆ ಜಾತಿಯ ಗಿಡದ ಒಣ ಎಲೆಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಆದುದರಿಂದ ಇಲ್ಲಿಯ ಲೇತ್ ಕತ್ತರಿಸುವ ಯಂತ್ರವೂ ಹೌದು, ಬಣ್ಣ ಹಚ್ಚುವ ಯಂತ್ರವೂ ಹೌದು. ವೇಗ ತೀರಾ ಕಡಿಮೆಯಾದರೆ ಅರಗು ಕರಗದೆ ಗಂಟುಗಂಟಾಗುತ್ತದೆ. ತೀರಾ ಹೆಚ್ಚಾದರೆ ಸುಟ್ಟು ಬಣ್ಣ ಕೆಡುತ್ತದೆ. ಪೇಟೆಯಲ್ಲಿ ಸಿಗುವ ಸಾಮಾನ್ಯ ಮರಗೆಲಸದ ಲೇತ್ ರೂಪಿಸಿದವರು ಈ ಎರಡನೆಯ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಬಿಲ್ಲಿನಿಂದ ಮೋಟಾರಿನವರೆಗೆ

ಹಳೆಯ ಕೈ ಲೇತ್‌ನ ಬೆಲೆ ಅತ್ಯಲ್ಪ. ಎರಡು ಗೂಟಗಳ ನಡುವೆ ಮರ, ಅದಕ್ಕೆ ಸುತ್ತಿದ ಹಗ್ಗ, ಹಗ್ಗವನ್ನು ಎಳೆಯಲು ಒಂದು ಬಿಲ್ಲು. ಕುಶಲಕರ್ಮಿ ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ಬಿಲ್ಲನ್ನು ಹಿಂದೆ ಮುಂದೆ ಆಡಿಸುತ್ತ, ಮತ್ತೊಂದು ಕೈಯಲ್ಲಿ ಉಳಿ ಹಿಡಿಯುತ್ತಾನೆ. ಬಿಲ್ಲು ಹಿಂದಕ್ಕೆ ಹೋದಾಗ ಮರ ಉಲ್ಟಾ ತಿರುಗುವುದರಿಂದ ಉಳಿ ಕಚ್ಚುವುದು ಒಂದು ದಿಕ್ಕಿನಲ್ಲಿ ಮಾತ್ರ. ಅಂದರೆ ಶ್ರಮದ ಅರ್ಧಭಾಗ ವ್ಯರ್ಥ. ಕಾಲಿನಿಂದ ತುಳಿಯುವ ಪೆಡಲ್ ಹಾಗೂ ಭಾರದ ಗಾಲಿ ಸೇರಿಸಿದರೆ ತಿರುಗುವಿಕೆ ಒಂದೇ ದಿಕ್ಕಿನಲ್ಲಿ ನಿರಂತರವಾಗುತ್ತದೆ, ಎರಡೂ ಕೈ ಬಿಡುವಾಗುತ್ತವೆ. ಆದರೂ ಮನುಷ್ಯನೊಬ್ಬ ಗಂಟೆಗಟ್ಟಲೆ ಸತತವಾಗಿ ಕೊಡಬಲ್ಲ ಶಕ್ತಿ ಸುಮಾರು 75 ವ್ಯಾಟ್, ಅಂದರೆ ಒಂದು ಅಶ್ವಶಕ್ತಿಯ ಹತ್ತನೆಯ ಒಂದು ಭಾಗ. ಅರ್ಧ ಅಶ್ವಶಕ್ತಿಯ ಮೋಟಾರು ಇಂಥ ಐವರ ಕೆಲಸ ಮಾಡುತ್ತದೆ.

ಬೆಲೆ ಇಳಿಸುವ ಮೊದಲ ಹೆಜ್ಜೆ ಯಾವುದನ್ನೂ ಕಳಪೆ ಮಾಡುವುದಲ್ಲ. ಯಂತ್ರ ಏನನ್ನು ಮಾಡಬೇಕಾಗಿಲ್ಲ ಎಂಬುದನ್ನು ತೀರ್ಮಾನಿಸುವುದು. ಗಿಲಕಿ, ಮಣಿ, ಬಳೆ, ಬುಗುರಿ, ಚಿಕ್ಕ ಗೊಂಬೆಯ ತಲೆ ಇವುಗಳಲ್ಲಿ ಹೆಚ್ಚಿನವು 100 ಮಿ.ಮೀ. ವ್ಯಾಸದೊಳಗೆ ಮುಗಿಯುತ್ತವೆ. ಮೇಜಿನ ಕಾಲನ್ನೋ ಮಂಚದ ಕಾಲನ್ನೋ ಕಡೆಯಬಲ್ಲ ಮೂರು ಅಡಿ ಉದ್ದದ ಯಂತ್ರ ಇವರಿಗೆ ಬೇಕಿಲ್ಲ. ಇಲ್ಲಿಯ ಪದ್ಧತಿಯಲ್ಲಿ ಮರದ ತುಂಡಿನ ಒಂದು ತುದಿಯನ್ನು ಟೊಳ್ಳಾದ ಚಕ್‌ನೊಳಗೆ ಬಡಿದು ಕೂರಿಸಿ, ಇನ್ನೊಂದು ತುದಿಯನ್ನು ಮುಕ್ತವಾಗಿ ಬಿಟ್ಟು ಕಡೆಯುವುದೂ ವಾಡಿಕೆಯಲ್ಲಿದೆ. ಹಾಗಾದರೆ ಇನ್ನೊಂದು ತುದಿಯನ್ನು ಹಿಡಿಯುವ ಟೇಲ್‌ಸ್ಟಾಕ್ ಎಂಬ ದುಬಾರಿ ಭಾಗವನ್ನು ಬೇಕಾದವರು ಮಾತ್ರ ಕೊಳ್ಳುವಂತೆ ಬೇರೆ ಮಾಡಬಹುದು. ಉದ್ದ ಕಡಿಮೆಯಾದಂತೆ ಕಬ್ಬಿಣವೂ ಕಡಿಮೆ.

ಎರಕವೋ, ಬೆಸುಗೆಯೋ

ಕಾರ್ಖಾನೆಯ ಲೇತ್‌ಗಳ ಒಡಲು ಎರಕದ ಕಬ್ಬಿಣದ್ದು. ಅದು ಭಾರವಾಗಿರುತ್ತದೆ, ಕಂಪನವನ್ನು ಹೀರಿಕೊಳ್ಳುತ್ತದೆ. ಆದರೆ ಎರಕ ಹೊಯ್ಯಲು ಮೊದಲು ಮಾದರಿ ಮಾಡಬೇಕು, ಅಚ್ಚು ಮಾಡಬೇಕು. ಆ ಖರ್ಚು ಸಾವಿರ ಯಂತ್ರಗಳ ಮೇಲೆ ಹಂಚಿದರೆ ಹಗುರ, ಹತ್ತು ಯಂತ್ರಗಳ ಮೇಲೆ ಬಿದ್ದರೆ ಹೊರೆ. ಚಿಕ್ಕ ಸಂಖ್ಯೆಯಲ್ಲಿ ತಯಾರಿಸುವವರಿಗೆ ಉಕ್ಕಿನ ಚಾನೆಲ್‌ಗಳನ್ನು ಕತ್ತರಿಸಿ ಬೆಸುಗೆ ಹಾಕುವುದೇ ದಾರಿ. ಆ ಕೆಲಸವನ್ನು ಪೀಣ್ಯದವರೆಗೆ ಹೋಗದೆ ಗ್ರಿಲ್, ಗೇಟು ಮಾಡುವ ಸ್ಥಳೀಯ ಅಂಗಡಿಯೂ ಮಾಡಿಕೊಡಬಲ್ಲದು.

ಇಲ್ಲಿ ಒಂದು ತೊಡಕಿದೆ. ಬೆಸುಗೆ ತಣಿಯುವಾಗ ಲೋಹ ಕುಗ್ಗಿ ಚೌಕಟ್ಟು ತಿರುಚಿಕೊಳ್ಳುತ್ತದೆ. ಕಣ್ಣಿಗೆ ನೇರವಾಗಿ ಕಾಣುವ ಚೌಕಟ್ಟಿನ ಮೇಲೆ ಬೇರಿಂಗ್ ಕೂರಿಸಿದರೆ ದಂಡ ಬಿಗಿಯಾಗಿ ತಿರುಗುತ್ತದೆ, ಬೇರಿಂಗ್ ಬಿಸಿಯಾಗುತ್ತದೆ. ಕೂರಿಸುವ ಜಾಗವನ್ನು ಬೆಸುಗೆಯ ನಂತರ ಯಂತ್ರದಲ್ಲಿ ಸಮತಟ್ಟು ಮಾಡಿಸುವುದು ಸರಿಯಾದ ಕ್ರಮ. ಅದಕ್ಕೆ ದುಡ್ಡಿಲ್ಲವಾದರೆ ತಾನೇ ತುಸು ಓರೆಯಾಗಿ ಹೊಂದಿಕೊಳ್ಳುವ ಪಿಲ್ಲೋ ಬ್ಲಾಕ್ ಬೇರಿಂಗ್ ಬಳಸಬಹುದು. 20 ಮಿ.ಮೀ. ದಂಡಕ್ಕೆ ಒಗ್ಗುವ ಯುಸಿಪಿ 204 ಎಂಬ ಬ್ಲಾಕ್ ಬೇರಿಂಗ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಮಾಲು. ಬೇರಿಂಗ್ ಕೆಟ್ಟ ದಿನ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಬಸ್ಸು ಹತ್ತಬೇಕಾದರೂ ಅಡ್ಡಿಯಿಲ್ಲ, ಕಂಪನಿಯ ಪತ್ರಕ್ಕೆ ತಿಂಗಳು ಕಾಯುವಂತಾಗಬಾರದು. ಇಂದು ಕೊಳ್ಳುವ ಬೆಲೆಗಿಂತ, ಕೆಲಸ ನಿಂತ ದಿನಗಳ ಬೆಲೆ ಹೆಚ್ಚು ಎಂಬುದು ದಿನಗೂಲಿಯ ಲೆಕ್ಕದಲ್ಲಿ ಬದುಕುವವರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ.

ಬೇರಿಂಗ್‌ಗಳ ನಡುವಣ ಅಂತರವನ್ನೂ ಗಮನಿಸಬೇಕು. ಎರಡು ಬೇರಿಂಗ್‌ಗಳ ನಡುವೆ 200 ಮಿ.ಮೀ. ಅಂತರವಿದ್ದು, ಮುಂದಿನ ಬೇರಿಂಗ್‌ನಿಂದ 100 ಮಿ.ಮೀ. ಆಚೆ ಉಳಿ ಒತ್ತಿದರೆ, ಆ ಒತ್ತಡದ ಒಂದೂವರೆ ಪಟ್ಟು ಮುಂದಿನ ಬೇರಿಂಗ್ ಮೇಲೆ ಬೀಳುತ್ತದೆ. ಜಾಗ ಉಳಿಸಲೆಂದು ಅಂತರವನ್ನು 100 ಮಿ.ಮೀ.ಗೆ ಇಳಿಸಿದರೆ ಅದು ಎರಡು ಪಟ್ಟಾಗುತ್ತದೆ. ಇದರ ಜೊತೆಗೆ ಸುತ್ತಿಗೆಯ ಪೆಟ್ಟು. ಮರವನ್ನು ಚಕ್‌ನೊಳಗೆ ಬಡಿದು ಕೂರಿಸುವಾಗ ಪ್ರತಿ ಏಟೂ ಬೇರಿಂಗ್‌ನ ಗುಂಡುಗಳ ಮೂಲಕ ಹಾದು, ಅವು ಉರುಳುವ ಹಾದಿಯಲ್ಲಿ ಕಣ್ಣಿಗೆ ಕಾಣದ ತಗ್ಗು ಮಾಡುತ್ತದೆ. ಕೆಲವು ತಿಂಗಳಲ್ಲಿ ಯಂತ್ರ ಗೊರಗುಡತೊಡಗುತ್ತದೆ. ದೋಷ ಬೇರಿಂಗ್ ತಯಾರಿಸಿದವನ ತಲೆಗೆ ಬರುತ್ತದೆ. ಚಕ್ಕನ್ನು ಸುಲಭವಾಗಿ ತಿರುಚಿ ಕಳಚಿ, ನೆಲದ ಮೇಲಿಟ್ಟು ಬಡಿಯುವಂತೆ ಮಾಡಿದರೆ ಈ ತೊಂದರೆಯೇ ಇರದು. ಅಂಥ ಎರಡು ಚಕ್‌ಗಳಿದ್ದರೆ ಒಂದು ತಿರುಗುತ್ತಿರುವಾಗ ಇನ್ನೊಂದಕ್ಕೆ ಮತ್ತೊಬ್ಬರು ಮರ ತುಂಬಬಹುದು.

ವೇಗದ ಲೆಕ್ಕ

ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಸಿಂಗಲ್ ಫೇಸ್ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಮೋಟಾರಿಗೂ ದಂಡಕ್ಕೂ ಮೂರು ಮೆಟ್ಟಿಲಿನ ಪುಲ್ಲಿ ಹಾಕಿ ಬೆಲ್ಟ್ ಬದಲಾಯಿಸಿದರೆ 720, 1440, 2880 ಎಂಬ ಮೂರು ವೇಗಗಳು ದೊರೆಯುತ್ತವೆ. ಈ ಮೂರೂ ಏಕೆ ಬೇಕು? 25 ಮಿ.ಮೀ. ವ್ಯಾಸದ ಮಣಿ 2880 ಸುತ್ತಿನಲ್ಲಿ ತಿರುಗಿದಾಗ ಅದರ ಮೇಲ್ಮೈ ನಿಮಿಷಕ್ಕೆ ಸುಮಾರು 226 ಮೀಟರ್ ಚಲಿಸುತ್ತದೆ. 100 ಮಿ.ಮೀ. ವ್ಯಾಸದ ಬಟ್ಟಲು 720 ಸುತ್ತಿನಲ್ಲಿ ತಿರುಗಿದರೂ ಅಷ್ಟೇ 226 ಮೀಟರ್. ಉಳಿಗೂ ಅರಗಿಗೂ ಮುಖ್ಯವಾದುದು ಈ ಮೇಲ್ಮೈ ವೇಗವೇ ಹೊರತು ಸುತ್ತುಗಳ ಸಂಖ್ಯೆಯಲ್ಲ. ಅದೇ ಬಟ್ಟಲನ್ನು 2880ರಲ್ಲಿ ತಿರುಗಿಸಿದರೆ ಅಂಚಿನ ವೇಗ ಗಂಟೆಗೆ 54 ಕಿ.ಮೀ. ಮುಟ್ಟುತ್ತದೆ, ಸಮತೂಕ ತಪ್ಪಿದ ಮರ ಯಂತ್ರವನ್ನು ಅಲುಗಿಸುವ ಬಲ 16 ಪಟ್ಟು ಏರುತ್ತದೆ. ಕೈ ತಪ್ಪಿದ ತುಂಡು ಮುಖಕ್ಕೆ ಬಂದರೆ ಏನಾಗುವುದೆಂದು ಹೇಳಬೇಕಿಲ್ಲ.

ಪುಲ್ಲಿಯಲ್ಲಿ ಮೂರು ಮೆಟ್ಟಿಲು ಕೊಟ್ಟ ಮಾತ್ರಕ್ಕೆ ಯಾರೂ ಬೆಲ್ಟ್ ಬದಲಾಯಿಸುವುದಿಲ್ಲ ಎಂಬುದನ್ನು ವಿನ್ಯಾಸಕಾರರು ಮರೆಯುತ್ತಾರೆ. ನಾಲ್ಕು ಬೋಲ್ಟು ಸಡಿಲಿಸಿ, ಮೋಟಾರು ಸರಿಸಿ, ಮತ್ತೆ ಬಿಗಿಯಬೇಕೆಂದರೆ ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವವರು ಗರಿಷ್ಠ ವೇಗದಲ್ಲೇ ಎಲ್ಲವನ್ನೂ ಕಡೆಯುತ್ತಾರೆ. ಅದು ಅವರ ತಪ್ಪಲ್ಲ. ಮೋಟಾರನ್ನು ಕೀಲುಳ್ಳ ಹಲಗೆಯ ಮೇಲೆ ಕೂರಿಸಿ, ಅದರ ತೂಕದಿಂದಲೇ ಬೆಲ್ಟ್ ಬಿಗಿಯಾಗುವಂತೆ ಮಾಡಿದರೆ ಸಾಕು. ಒಂದು ಕೈಯಲ್ಲಿ ಮೋಟಾರು ಎತ್ತಿ ಇನ್ನೊಂದು ಕೈಯಲ್ಲಿ ಬೆಲ್ಟ್ ದಾಟಿಸಬಹುದು. ಬೇಕಾಗುವ ಹೆಚ್ಚುವರಿ ಸಾಮಗ್ರಿ ಎರಡು ಕೀಲು ಮಾತ್ರ. ಉಳಿ ಸಿಕ್ಕಿಕೊಂಡಾಗ ಬೆಲ್ಟ್ ಜಾರಿ ಮೋಟಾರನ್ನೂ ಕೈಯನ್ನೂ ಉಳಿಸುವುದು ಈ ಏರ್ಪಾಟಿನ ಮತ್ತೊಂದು ಅನುಕೂಲ.

ಕರೆಂಟು ಹೋದಾಗ, ಬಂದಾಗ

ಹಳ್ಳಿಯ ಮನೆಗೆ ಸಿಗುವುದು ಸಿಂಗಲ್ ಫೇಸ್ ವಿದ್ಯುತ್. ಅದೂ ಸದಾ 230 ವೋಲ್ಟ್ ಇರುತ್ತದೆಂಬ ಭರವಸೆಯಿಲ್ಲ. ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 180 ವೋಲ್ಟ್‌ಗೆ ಕುಸಿದಾಗ ಉಳಿಯುವುದು ಸುಮಾರು ಶೇ. 61 ಮಾತ್ರ. ಕಾಗದದ ಮೇಲೆ ಕಾಲು ಅಶ್ವಶಕ್ತಿ ಸಾಕೆನಿಸುವ ಕೆಲಸಕ್ಕೆ ಅರ್ಧ ಅಶ್ವಶಕ್ತಿಯ ಮೋಟಾರು ಆರಿಸುವುದು ಈ ಕಾರಣಕ್ಕೆ. ಬಿಲ್ಲಿನ ಭಯವೂ ಬೇಡ: ಪೂರ್ಣ ಹೊರೆಯಲ್ಲಿ ಎಂಟು ತಾಸು ಓಡಿದರೂ ನಾಲ್ಕೂವರೆ ಯೂನಿಟ್ ಆಸುಪಾಸು, ಗೊಂಬೆ ಕಡೆಯುವಾಗ ಅಷ್ಟು ಹೊರೆ ಸತತವಾಗಿ ಬೀಳುವುದೂ ಇಲ್ಲ.

ಕರೆಂಟು ಹೋಗುವುದಕ್ಕಿಂತ ಅದು ಮರಳಿ ಬರುವ ಗಳಿಗೆ ಅಪಾಯಕಾರಿ. ಯಂತ್ರ ನಿಂತಿದೆಯೆಂದು ಮರದ ಮೇಲೆ ಕೈಯಿಟ್ಟಿರುವಾಗ, ಬಂದ್ ಮಾಡಲು ಮರೆತ ಸ್ವಿಚ್ಚಿನಿಂದ ಮೋಟಾರು ತಾನೇ ಹೊರಟುಬಿಡುತ್ತದೆ. ಕೊಳವೆಬಾವಿಯ ಪಂಪ್‌ಸೆಟ್ ಇರುವ ರೈತರಿಗೆ ಸ್ಟಾರ್ಟರ್ ಪರಿಚಿತ. ಕರೆಂಟು ಹೋದೊಡನೆ ಅದು ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಗುಂಡಿ ಒತ್ತಿದ ಹೊರತು ಮೋಟಾರು ಓಡದು. ರಾತ್ರಿ ತೋಟಕ್ಕೆ ಹೋಗುವುದನ್ನು ತಪ್ಪಿಸಲು ನಮ್ಮ ರೈತರು ಅದಕ್ಕೆ ಆಟೋ ಸ್ವಿಚ್ ಜೋಡಿಸಿ, ಕರೆಂಟು ಬಂದಾಗ ಪಂಪು ತಾನೇ ಓಡುವಂತೆ ಮಾಡಿಕೊಂಡಿದ್ದಾರೆ. ಲೇತ್‌ಗೆ ಬೇಕಾದುದು ಆಟೋ ಇಲ್ಲದ ಸ್ಟಾರ್ಟರ್. ಗೋಡೆಗೆ ಸಾಧಾರಣ ದೀಪದ ಸ್ವಿಚ್ಚು ಹಾಕಿ ಮೋಟಾರು ಓಡಿಸುವ ಉಳಿತಾಯವನ್ನು ಉಳಿತಾಯವೆನ್ನಲಾಗದು.

ದರ ಇಳಿಸುವ ಭರದಲ್ಲಿ ಮೊದಲು ಮಾಯವಾಗುವುದು ಬೆಲ್ಟಿನ ಮೇಲಿನ ಮುಚ್ಚಳ. ಈ ಕಸುಬಿನಲ್ಲಿ ಮಹಿಳೆಯರೂ ಗಣನೀಯ ಸಂಖ್ಯೆಯಲ್ಲಿದ್ದಾರೆ. ಸೀರೆಯ ಸೆರಗು, ದುಪಟ್ಟಾ, ಬಳೆ, ಜಡೆ ಇವೆಲ್ಲವೂ ತೆರೆದ ಬೆಲ್ಟಿಗೆ ಆಹಾರವಾಗಬಲ್ಲವು. ತಗಡಿನ ಮುಚ್ಚಳಕ್ಕೆ ಆಗುವ ವೆಚ್ಚ ಇಡೀ ಯಂತ್ರದಲ್ಲಿ ಅತ್ಯಂತ ಕಡಿಮೆಯದು. ಮುಚ್ಚಳ ತೆಗೆದರೆ ಮೋಟಾರು ಓಡದಂತೆ ಅದರಡಿಯಲ್ಲೊಂದು ಸ್ವಿಚ್ ಇಟ್ಟರಂತೂ ಇನ್ನೂ ಲೇಸು. ಮರದ ಧೂಳಿನ ವಿಚಾರವೂ ಹಾಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಕಿಟಕಿಯ ಬಳಿ ಒಂದು ಎಗ್ಸಾಸ್ಟ್ ಫ್ಯಾನ್, ಉಳಿಯ ಆಸರೆಯ ಕೆಳಗೆ ಧೂಳು ಜಾರಲು ಒಂದು ತಗಡಿನ ದೋಣಿ ಇದ್ದರೆ ಪೂರ್ತಿಯಾಗಿಯಲ್ಲದಿದ್ದರೂ ಉಸಿರಿಗೆ ಸೇರುವ ಪಾಲು ತಗ್ಗುತ್ತದೆ. ಮನೆಯೇ ಕಾರ್ಯಾಗಾರವಾದಲ್ಲಿ ಆ ಗಾಳಿಯನ್ನು ಮಕ್ಕಳೂ ಉಸಿರಾಡುತ್ತಾರೆ.

ಉಳಿಗಳ ಬಗ್ಗೆ ಒಂದು ಮಾತು. ಹಳೆಯ ಅರವನ್ನು ಉಜ್ಜಿ ಉಳಿ ಮಾಡಿಕೊಳ್ಳುವ ರೂಢಿ ಬಡಗಿಗಳಲ್ಲಿದೆ. ಅರದ ಉಕ್ಕು ಗಟ್ಟಿ, ಆದರೆ ಪೆಡಸು. ಕೈ ಲೇತ್‌ನ ನಿಧಾನ ವೇಗದಲ್ಲಿ ನಡೆದ ಉಪಾಯ ಮೋಟಾರಿನ ವೇಗದಲ್ಲಿ ಮುರಿದು ಸಿಡಿಯಬಹುದು. ಕಮ್ಮಾರನ ಬಳಿ ಅದನ್ನು ಕಾಯಿಸಿ ಹದ ಇಳಿಸಿಕೊಳ್ಳದೆ ಬಳಸಬಾರದು.

ದುಡ್ಡಿನ ಮಿತಿ

ಬೆಲೆ ಎಷ್ಟಿದ್ದರೆ ಕೈಗೆಟಕುವುದು? 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆ ಒಂದು ಅಳತೆಗೋಲನ್ನು ಒದಗಿಸಿದೆ. ಅದರ 18 ಕಸುಬುಗಳ ಪಟ್ಟಿಯಲ್ಲಿ ಬಡಗಿಗಳೂ ಸಾಂಪ್ರದಾಯಿಕ ಗೊಂಬೆ ತಯಾರಕರೂ ಇದ್ದಾರೆ. ಉಪಕರಣಕ್ಕಾಗಿ 15,000 ರೂ.ವರೆಗೆ ಸಹಾಯಧನ, ಶೇ. 5ರ ಬಡ್ಡಿಯಲ್ಲಿ ಮೊದಲ ಕಂತಿಗೆ 1 ಲಕ್ಷ ರೂ.ವರೆಗೆ ಸಾಲ ಅದರಲ್ಲಿದೆ. ಸಾಲದ ಹಂಗಿಲ್ಲದೆ ಯಂತ್ರ ಮನೆಗೆ ಬರಬೇಕಾದರೆ ಮೋಟಾರು, ಬೇರಿಂಗು, ಪುಲ್ಲಿ, ಚೌಕಟ್ಟು, ಸ್ಟಾರ್ಟರ್, ಮುಚ್ಚಳ ಎಲ್ಲವೂ ಆ 15,000 ರೂ. ಒಳಗೆ ಅಡಕವಾಗಬೇಕು. ಇದು ಬಿಗಿಯಾದ ಗುರಿ. ಮೋಟಾರಿನ ಬೆಲೆಯನ್ನು ಯಾರೂ ಅಲುಗಿಸಲಾರರು. ಕತ್ತರಿ ಬೀಳಬೇಕಾದುದು ಉದ್ದ, ಅಲಂಕಾರದ ಹೊದಿಕೆ, ಬಣ್ಣ ಹಾಗೂ ಅನಗತ್ಯ ಜೋಡಣೆಗಳ ಮೇಲೆ. ಚೌಕಟ್ಟು ಹಗುರವಾಗಿ ಕಂಪಿಸಿದರೆ ಅದರ ತಳದ ಪೆಟ್ಟಿಗೆಗೆ ಮರಳು ತುಂಬಬಹುದು. ಮರಳು ಕಂಪನ ನುಂಗುತ್ತದೆ, ಸಾಗಿಸುವಾಗ ಹೊರಗೆ ಸುರಿದರಾಯಿತು.

ಮೊದಲ ಮಾದರಿ ತಯಾರಾದ ಮೇಲೆ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಯಂತ್ರ ಓಡುತ್ತಿರುವಾಗ ಅದರ ಹಾಸಿನ ಮೇಲೆ ನಾಣ್ಯವೊಂದನ್ನು ಅಂಚಿನ ಮೇಲೆ ನಿಲ್ಲಿಸಿ ನೋಡುವುದು ಹಳೆಯ ವರ್ಕ್‌ಷಾಪ್ ಪದ್ಧತಿ. ನಾಣ್ಯ ಬಿದ್ದರೆ ಎಲ್ಲೋ ಸಮತೂಕ ತಪ್ಪಿದೆ. ನಿಜವಾದ ಪರೀಕ್ಷೆ ಮಾತ್ರ ಕಾರ್ಯಾಗಾರದಲ್ಲಿ, ಒಂದೆರಡು ತಿಂಗಳ ಕಾಲ, ಯಂತ್ರ ರೂಪಿಸಿದವರು ಎದುರಿಗಿಲ್ಲದಾಗ ನಡೆಯಬೇಕು. ಯಾವ ಬೋಲ್ಟು ಸಡಿಲವಾಯಿತು, ಯಾವ ಮುಚ್ಚಳವನ್ನು ಕಳಚಿ ಮೂಲೆಗೆ ಇಟ್ಟರು, ಯಾವ ಹಿಡಿಕೆಗೆ ಬಟ್ಟೆ ಸುತ್ತಿಕೊಂಡರು ಎಂಬುದನ್ನು ಗಮನಿಸಿದರೆ ಎರಡನೆಯ ಮಾದರಿಯ ನಕ್ಷೆ ತಾನಾಗಿ ಸಿದ್ಧವಾಗುತ್ತದೆ. ದಂಡದ ಎತ್ತರವೂ ಅಲ್ಲಿಯೇ ತೀರ್ಮಾನವಾಗಬೇಕು. ಕುಳಿತು ಕಡೆಯುವವರಿಗೆ ಮೊಣಕೈ ಮಟ್ಟದಲ್ಲಿ ಮರ ತಿರುಗಬೇಕು. ಗಂಡಸರ ಅಳತೆಗೆ ಮಾಡಿದ ಯಂತ್ರ ಹೆಂಗಸರ ಹೆಗಲು ನೋಯಿಸುತ್ತದೆ. ಕಾಲುಗಳಲ್ಲಿ ಮೂರು ನಾಲ್ಕು ತೂತು ಕೊರೆದು ಎತ್ತರ ಹೊಂದಿಸುವ ಅವಕಾಶ ಕೊಟ್ಟರೆ ಈ ಸಮಸ್ಯೆ ಮುಗಿಯಿತು.

ಇನ್ನೊಂದು ತೂತನ್ನೂ ಕೊರೆದಿಡಬಹುದು. ದಂಡದ ಹಿಂತುದಿಯಲ್ಲಿ ಒಂದು ಪುಲ್ಲಿಗೆ ಜಾಗ ಬಿಟ್ಟರೆ, ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿಯುವ ಗಾಲಿಯನ್ನು ಅಲ್ಲಿಗೆ ಜೋಡಿಸಲು ಬರುತ್ತದೆ. ಸಂಜೆ ಕರೆಂಟು ಹೋದಾಗ ಬಟ್ಟಲು ಕಡೆಯಲು ಅದು ಸಾಲದು, ಆದರೆ ಅರ್ಧಕ್ಕೆ ನಿಂತ ಮಣಿಗಳಿಗೆ ಅರಗು ಹಚ್ಚಿ ಮುಗಿಸಲು ಸಾಕು.